ಇಪ್ಪತ್ತೆಂಟು ಅಕ್ಷರಗಳ ಒಂದು ಗಂಟು: ಕಬ್ಬಿನ ಹಳದಿ ಎಲೆ ರೋಗ ಮತ್ತು ನಮ್ಮ ಬೀಜ

(ನಮ್ಮ ಕಾರ್ಖಾನೆಯ ಕಬ್ಬು ಬೆಳೆಗಾರರ ಮೇಳಾವ್ಯಾದಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣ. ಕನ್ನಡ ಆವೃತ್ತಿಯ ಸಭಾಸದ ಓದುಗರಿಗಾಗಿ ಇಲ್ಲಿ ಕೊಡಲಾಗಿದೆ.)



ಈ ವರ್ಷ ಅಡಸಾಲಿ ಹಂಗಾಮಿಗೆಂದು ಕಾದಿರಿಸಿದ್ದ ಕೆಲವು ಬೀಜದ ಪ್ಲಾಟುಗಳನ್ನು ನಾನು ತಿರಸ್ಕರಿಸಿದ್ದೇನೆ. ಇದರಿಂದ ನಿಮ್ಮಲ್ಲಿ ಹಲವರಿಗೆ ಬೇಸರವಾಗಿದೆ ಎಂಬುದು ನನಗೆ ಗೊತ್ತಿದೆ. ಕಬ್ಬು ಎದೆಯೆತ್ತರ ಮೀರಿ ಬೆಳೆದಿದೆ, ನೀರಿದೆ, ಗೊಬ್ಬರವಿದೆ. ಎಲೆಯ ನಡುನರ ಸ್ವಲ್ಪ ಹಳದಿಯಾದ ಮಾತ್ರಕ್ಕೆ ಸಾಹೇಬರು ಬೇಡವೆಂದರು ಎಂದು ಗಟ್‌ ಆಫೀಸಿನಲ್ಲಿ ಮಾತಾಯಿತು. ಏಕೆ ಬೇಡವೆಂದೆ ಎಂಬುದನ್ನು ಹೇಳುವುದು ನನ್ನ ಕರ್ತವ್ಯ. ಅದನ್ನು ಹೇಳುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನಾಲ್ಕು ವರ್ಷಗಳ ಹಿಂದೆ ಇಂಥದೇ ಒಂದು ಪ್ಲಾಟಿಗೆ ನಾನು ಹೋಗಿದ್ದೆ. ಅಲ್ಲಲ್ಲಿ ನಡುನರ ಹಳದಿಯಾಗಿತ್ತು. ನಮ್ಮದು ಸುಣ್ಣದ ಅಂಶ ಹೆಚ್ಚಿರುವ ಕರಿನೆಲ. ಇಲ್ಲಿ ಕಬ್ಬಿಣದ ಕೊರತೆ, ಮರಾಠಿಯವರು ಕೇವಡಾ ಎನ್ನುವುದು, ವರ್ಷವೂ ಕಾಣುವ ತೊಂದರೆ. ಅದೇ ಇರಬೇಕೆಂದು ಭಾವಿಸಿ ಅನ್ನಭೇದಿ ಸಿಂಪಡಿಸಲು ಹೇಳಿದೆ, ಬೀಜಕ್ಕೆ ಒಪ್ಪಿಗೆಯ ಸಹಿಯನ್ನೂ ಹಾಕಿದೆ. ಮೂವರು ಸಭಾಸದರು ಆ ಬೀಜವನ್ನು ಒಯ್ದರು. ಮೊದಲ ಬೆಳೆ ಹೇಗೋ ಆಯಿತು. ಕುಳೆಯಲ್ಲಿ ಗಣಿಕೆಗಳು ಗಿಡ್ಡವಾದವು, ತುದಿಯಲ್ಲಿ ಎಲೆಗಳು ಪೊರಕೆಯ ಹಾಗೆ ಗುಂಪುಗೂಡಿದವು, ತೂಕ ಇಳಿಯಿತು. ಅವರಲ್ಲೊಬ್ಬರು ಸೊಸೈಟಿಯ ಸಾಲವನ್ನು ಆ ವರ್ಷ ತೀರಿಸಲಾಗಲಿಲ್ಲ. ಅವರು ಇಂದೂ ಈ ಸಭೆಯಲ್ಲಿ ಕುಳಿತಿದ್ದಾರೆ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದು ಕಬ್ಬಿಣದ ಕೊರತೆಯಾಗಿರಲಿಲ್ಲ. ಅದು ಹಳದಿ ಎಲೆ ರೋಗ. ಆ ರೋಗದ ಮೂಲ ತಿಳಿಯಲು ಓದುತ್ತಾ ಹೋದಾಗ ಒಂದು ವಿಷಯ ನನಗೆ ಮನದಟ್ಟಾಯಿತು. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ರೋಗದ ಪರಿಚಯ

ಈ ರೋಗವನ್ನು ಮೊದಲು ಗುರುತಿಸಿದ್ದು 1989ರ ಸುಮಾರಿಗೆ ಹವಾಯಿ ದ್ವೀಪಗಳಲ್ಲಿ. 1990ರ ದಶಕದಲ್ಲಿ ಬ್ರೆಜಿಲ್ ದೇಶದ ಸಾವೊ ಪಾವ್ಲೊ ಪ್ರಾಂತದಲ್ಲಿ ಎಸ್.ಪಿ. 71-6163 ಎಂಬ ಜನಪ್ರಿಯ ತಳಿಗೆ ಇದು ಎಷ್ಟು ಹೊಡೆತ ಕೊಟ್ಟಿತೆಂದರೆ ಆ ತಳಿಯನ್ನೇ ಕೈಬಿಡಬೇಕಾಯಿತು. ನಮ್ಮ ದೇಶದಲ್ಲಿ ಇದರ ವರದಿ ಬಂದದ್ದು 1999ರಲ್ಲಿ. ಇಂದು ಕಬ್ಬು ಬೆಳೆಯುವ ಬಹುಪಾಲು ರಾಜ್ಯಗಳಲ್ಲಿ ಇದು ಇದೆ. ನಮ್ಮೆಲ್ಲರ ನೆಚ್ಚಿನ ಕೋ 86032 ತಳಿಯೂ ಇದಕ್ಕೆ ಹೊರತಲ್ಲ.

ಗುರುತು ಹೀಗಿರುತ್ತದೆ. ಐದಾರು ತಿಂಗಳು ದಾಟಿದ ಬೆಳೆಯಲ್ಲಿ ಮೇಲಿನಿಂದ ಮೂರನೆಯ ಎಲೆಯಿಂದ ಆರನೆಯ ಎಲೆಯವರೆಗೆ ತಿರುವಿ ನೋಡಿರಿ. ಎಲೆಯ ಹಾಳೆ ಇನ್ನೂ ಹಸಿರಾಗಿರುವಾಗಲೇ ಕೆಳಬದಿಯಲ್ಲಿ ನಡುನರ ಹಳದಿಯಾಗಿರುತ್ತದೆ. ಮುಂದೆ ಹಳದಿ ಎರಡೂ ಪಕ್ಕಕ್ಕೆ ಹರಡುತ್ತದೆ, ತುದಿಯಿಂದ ಎಲೆ ಒಣಗುತ್ತಾ ಬರುತ್ತದೆ. ಕಬ್ಬಿಣದ ಕೊರತೆಯಲ್ಲಿ ಇದರ ತಿರುವುಮುರುವು: ಅಲ್ಲಿ ಎಳೆಯ ಎಲೆಗಳು ಮೊದಲು ಬಿಳಿಚುತ್ತವೆ, ನರಗಳು ಹಸಿರಾಗಿಯೇ ಉಳಿದು ನರಗಳ ನಡುವಿನ ಭಾಗ ಹಳದಿಯಾಗುತ್ತದೆ. ನಾನು ಎಡವಿದ್ದು ಇಲ್ಲಿಯೇ.

ಈ ರೋಗಕ್ಕೆ ಕಾರಣ ಒಂದು ವೈರಸ್, ಅಂದರೆ ವಿಷಾಣು. ಇದು ಕಬ್ಬಿನ ಸಕ್ಕರೆ ಸಾಗಿಸುವ ನಾಳಗಳಲ್ಲಿ ಮಾತ್ರ ವಾಸಿಸುತ್ತದೆ. ನಾಳ ಕೆಟ್ಟರೆ ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗಿಳಿಯುವುದಿಲ್ಲ, ನಡುನರದಲ್ಲಿಯೇ ತಂಗುತ್ತದೆ. ಗದ್ದೆಯಲ್ಲಿ ತೂಕ ಕಡಿಮೆಯಾಗುವುದಕ್ಕೂ ಕಾರ್ಖಾನೆಯಲ್ಲಿ ಉತಾರ ಇಳಿಯುವುದಕ್ಕೂ ಕಾರಣ ಇದೇ.

ವೈರಸ್ ಎಂದರೆ ಒಂದು ಚೀಟಿ

ಈಗ ನಿಮ್ಮ ಪ್ರಶ್ನೆ ನನಗೆ ಗೊತ್ತು. ಸಾಹೇಬರೇ, ಯಾವ ಔಷಧಿ ಹೊಡೆಯಬೇಕು ಹೇಳಿರಿ ಎನ್ನುತ್ತೀರಿ. ಹೊಡೆಯಲು ಔಷಧಿ ಏಕಿಲ್ಲ ಎಂಬುದಕ್ಕೆ ವೈರಸ್ಸಿನ ಒಳಗನ್ನು ಸ್ವಲ್ಪ ನೋಡಬೇಕು.

ಕೆಂಪು ಕೊಳೆ ರೋಗದ ಶಿಲೀಂಧ್ರಕ್ಕೆ ಅದರದೇ ಸಂಸಾರವಿದೆ. ಅದು ಉಣ್ಣುತ್ತದೆ, ಬೆಳೆಯುತ್ತದೆ. ವೈರಸ್ಸಿಗೆ ಅಂಥದೇನೂ ಇಲ್ಲ. ಅದು ಒಂದು ಕವಚದಲ್ಲಿ ಸುತ್ತಿಟ್ಟ ಚೀಟಿ ಮಾತ್ರ. ಆ ಚೀಟಿಯ ಹೆಸರು ಆರ್.ಎನ್.ಎ. ಹಳದಿ ಎಲೆ ವೈರಸ್ಸಿನ ಚೀಟಿಯ ಉದ್ದ ಸುಮಾರು 5,900 ಅಕ್ಷರಗಳು. ಬಳಸುವ ಅಕ್ಷರಗಳು ನಾಲ್ಕೇ: ಎ, ಯು, ಜಿ, ಸಿ. ನಮ್ಮ ಕಾರ್ಖಾನೆಯ ಕಟಾವು ಚೀಟಿ ತಾನಾಗಿ ಕಬ್ಬು ಕಡಿಯುವುದಿಲ್ಲ. ಟೋಳಿಯವರು ಅದನ್ನು ನೋಡಿ ಕಡಿಯುತ್ತಾರೆ. ಹಾಗೆಯೇ ವೈರಸ್ಸಿನ ಚೀಟಿಯನ್ನು ಓದಿ ಕೆಲಸ ಮಾಡುವುದು ಕಬ್ಬಿನ ಜೀವಕೋಶದೊಳಗಿನ ಯಂತ್ರ. ಆ ಯಂತ್ರದ ಹೆಸರು ರೈಬೋಸೋಮ್. ಅದು ಚೀಟಿಯನ್ನು ಮೂರು ಮೂರು ಅಕ್ಷರಗಳ ಗುಂಪಾಗಿ ಓದುತ್ತಾ ಹೋಗುತ್ತದೆ, ಒಂದೊಂದು ಗುಂಪಿಗೆ ಒಂದೊಂದು ಮಣಿ ಪೋಣಿಸಿ ಪ್ರೋಟೀನಿನ ಸರ ಮಾಡುತ್ತದೆ. ಕಬ್ಬಿನ ಸ್ವಂತ ಪ್ರೋಟೀನುಗಳನ್ನು ಮಾಡುವುದೂ ಇದೇ ಯಂತ್ರ. ಕಳ್ಳನು ಖೊಟ್ಟಿ ಚೀಟಿ ತಂದು ನಮ್ಮದೇ ಗಿರಣಿಯಲ್ಲಿ ತನ್ನ ಕಬ್ಬು ಅರೆಸಿಕೊಂಡಂತೆ ಇದು.

ಚೀಟಿಯ ಮಡಿಕೆ

ಚೀಟಿಯಲ್ಲಿ ಬರೆದಿರುವ ಅಕ್ಷರಗಳಿಂದಲೇ ಎಲ್ಲವೂ ನಿರ್ಧಾರವಾಗುತ್ತದೆ ಎಂದು ನಾನು ಕಾಲೇಜಿನಲ್ಲಿ ಕಲಿತಿದ್ದೆ. ಅದು ಅರ್ಧ ಸತ್ಯ. ಚೀಟಿಯನ್ನು ಹೇಗೆ ಮಡಿಸಲಾಗಿದೆ ಎಂಬುದೂ ಅಷ್ಟೇ ಮುಖ್ಯ.

ಆರ್.ಎನ್.ಎ. ಒಂದೇ ಎಳೆಯ ದಾರ. ಅದರಲ್ಲಿ ಎ ಅಕ್ಷರಕ್ಕೆ ಯು ಜೊತೆ, ಜಿ ಅಕ್ಷರಕ್ಕೆ ಸಿ ಜೊತೆ. ಒಂದೆಡೆಯ ಅಕ್ಷರಗಳು ಇನ್ನೊಂದೆಡೆಯ ಜೊತೆಗಾರರನ್ನು ಹಿಡಿದುಕೊಂಡಾಗ ದಾರ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಕೆಳಗೆ ಹಿಡಿಕೆ, ಮೇಲೆ ಒಂದು ಕುಣಿಕೆ ಆಗುತ್ತದೆ. ಕೆಲವು ಕಡೆ ಆ ಕುಣಿಕೆಯ ಅಕ್ಷರಗಳು ಹೊರಗಿನ ದಾರವನ್ನು ಮತ್ತೆ ಹಿಡಿಯುತ್ತವೆ. ನಮ್ಮ ಟೋಳಿಯವರು ಮೋಳಿ ಕಟ್ಟುವುದನ್ನು ನೆನೆಯಿರಿ. ವಾಡೆಯನ್ನು ಸುತ್ತಿ, ತಿರುಚಿ, ತುದಿಯನ್ನು ಒಳಗೆ ಸಿಕ್ಕಿಸಿ ಬಿಡುತ್ತಾರೆ. ನೋಡಿದರೆ ಅದು ನಿಜವಾದ ಗಂಟಲ್ಲ, ಎಳೆದರೆ ಬಿಚ್ಚುತ್ತದೆ. ಆದರೂ ಹೊಲದಿಂದ ಗಾಡಿಯವರೆಗೆ ಮೋಳಿಯನ್ನು ಹಿಡಿದಿಡುತ್ತದೆ. ಆರ್.ಎನ್.ಎ.ಯಲ್ಲಿಯೂ ಇಂಥ ಸಿಕ್ಕುಗಂಟುಗಳಿವೆ. ಇವನ್ನು ಮೊದಲು ಕಂಡುಕೊಂಡದ್ದು ಹಾಲೆಂಡಿನ ಲೈಡನ್ ನಗರದ ವಿಜ್ಞಾನಿಗಳು, 1982ರಲ್ಲಿ, ಟರ್ನಿಪ್ ಗಡ್ಡೆಯ ಒಂದು ವೈರಸ್ಸಿನಲ್ಲಿ.

ಈ ಗಂಟಿನಿಂದ ವೈರಸ್ಸಿಗೆ ಏನು ಲಾಭ? ಹಳದಿ ಎಲೆ ವೈರಸ್ಸಿನ ಚೀಟಿಯಲ್ಲಿ ಒಂದು ಪ್ರೋಟೀನಿನ ಬರಹ ಮುಗಿಯುವ ಮೊದಲೇ ಇನ್ನೊಂದರ ಬರಹ ಅದರ ಮೇಲೆಯೇ ಸುರುವಾಗುತ್ತದೆ. ಆ ಎರಡನೆಯದು ಬಹಳ ಮುಖ್ಯ. ವೈರಸ್ಸಿನ ಚೀಟಿಗೆ ನಕಲು ತೆಗೆಯುವ ಪ್ರೋಟೀನು ಅದು. ನಕಲು ಆಗದಿದ್ದರೆ ವೈರಸ್ಸಿನ ಸಂತಾನವೇ ಇಲ್ಲ. ಆದರೆ ಅದು ಬೇಕಾಗುವುದು ಸ್ವಲ್ಪವೇ. ಸುಗ್ಗಿಯಲ್ಲಿ ಕಡಿಯುವವರು ಇಪ್ಪತ್ತು ಜನ ಬೇಕು, ಚೀಟಿ ಬರೆಯುವ ಕಾರಕೂನ ಒಬ್ಬ ಸಾಕು. ಈ ಲೆಕ್ಕ ಇಡುವುದು ಗಂಟಿನ ಕೆಲಸ.

ಅದು ಹೇಗೆಂದರೆ, ತೂಕದ ಕಾಟಾ ಹತ್ತಿಸುವ ಎತ್ತಿನ ಗಾಡಿಯನ್ನು ನೋಡಿರಿ. ಇಳಿಜಾರಿನಲ್ಲಿ ಕೆಸರು, ಮುಂದೆ ಒಂದು ಏರು. ಎತ್ತು ಏರನ್ನು ಎಳೆಯುವಾಗ ಬಹಳ ಸಲ ನೆಟ್ಟಗೆ ಹತ್ತಿಬಿಡುತ್ತದೆ. ಕೆಲವು ಸಲ ಒಂದು ಗೊರಸು ಹಿಂದೆ ಜಾರಿ, ಮತ್ತೆ ಕಾಲೂರಿ ಹತ್ತುತ್ತದೆ. ವೈರಸ್ಸಿನ ಚೀಟಿಯಲ್ಲಿ ಏಳು ಅಕ್ಷರಗಳ ಒಂದು ಜಾರುವ ಜಾಗವಿದೆ. ಅದರ ಮುಂದೆ ಕೆಲವೇ ಅಕ್ಷರ ಬಿಟ್ಟು ಈ ಗಂಟು. ಯಂತ್ರ ಗಂಟಿಗೆ ತಗಲಿ ತಡವರಿಸುತ್ತದೆ. ಹೆಚ್ಚು ಸಲ ಗಂಟನ್ನು ಬಿಚ್ಚಿಕೊಂಡು ನೆಟ್ಟಗೆ ಮುಂದೆ ಹೋಗುತ್ತದೆ. ಆಗ ಮೊದಲ ಪ್ರೋಟೀನು ಮಾತ್ರ ತಯಾರಾಗಿ ಓದು ನಿಲ್ಲುತ್ತದೆ. ಕೆಲವು ಸಲ ಒಂದು ಅಕ್ಷರ ಹಿಂದೆ ಜಾರುತ್ತದೆ. ಜಾರಿದ ಮೇಲೆ ಮೂರು ಮೂರರ ಎಣಿಕೆಯೇ ಬದಲಾಗುತ್ತದೆ. "ಅವನ ಗರಡಿ" ಎಂದು ಬರೆದಿದೆ ಎನ್ನಿ. ಮೂರು ಓದಿ, ನಂತರದ ಮೂರು ಓದಿದರೆ ಅದು ಗರಡಿ. "ಅವನ" ಓದಿದ ಮೇಲೆ ಒಂದು ಅಕ್ಷರ ಹಿಂದೆ ಜಾರಿ "ನ"ದಿಂದ ಮತ್ತೆ ಓದಿದರೆ ಅದು "ಅವನ ನಗರ" ಆಯಿತು. ಬರಹ ಅದೇ, ಓದು ಬೇರೆ. ಹೀಗೆ ಜಾರಿದಾಗ ಮಾತ್ರ ನಕಲು ತೆಗೆಯುವ ಪ್ರೋಟೀನು ಹುಟ್ಟುತ್ತದೆ.

ಹೀಗೆ ಹಿಂದೆ ಜಾರಿ ಓದುವ ಉಪಾಯ ವೈರಸ್ಸುಗಳಲ್ಲಿದೆ ಎಂಬುದು 1985ರಲ್ಲಿ ಕೋಳಿಗಳ ಒಂದು ಗಡ್ಡೆರೋಗದ ವೈರಸ್ಸಿನಲ್ಲಿ ಸಿದ್ಧವಾಯಿತು. 2020ರಲ್ಲಿ ನಮ್ಮನ್ನೆಲ್ಲ ಮನೆಯಲ್ಲಿ ಕೂರಿಸಿದ ಕೊರೊನಾ ವೈರಸ್ಸೂ ತನ್ನ ನಕಲು ಯಂತ್ರವನ್ನು ಮಾಡಿಸಿಕೊಳ್ಳುವುದು ಇಂಥದೇ ಗಂಟಿನ ಮುಂದೆ ಜಾರಿಸಿಯೇ.

ನಮ್ಮ ಕಬ್ಬಿನ ವೈರಸ್ಸಿನ ಗಂಟನ್ನು ಅಮೆರಿಕೆಯ ಕಾರ್ನಿಶ್, ಹೆನ್ನಿಗ್ ಮತ್ತು ಗೀಡ್ರಾಕ್ ಎಂಬ ವಿಜ್ಞಾನಿಗಳು ಬಿಡಿಸಿ ನೋಡಿ 2005ರಲ್ಲಿ ಪ್ರಕಟಿಸಿದರು. ಆ ಗಂಟಿನ ಉದ್ದ 28 ಅಕ್ಷರಗಳು. 5,900 ಅಕ್ಷರಗಳ ಚೀಟಿಯಲ್ಲಿ ಬರೀ 28. ಪ್ರಯೋಗಶಾಲೆಯಲ್ಲಿ ಅಳೆದಾಗ ನೂರು ಸಲ ಓದಿದರೆ ಸುಮಾರು 15 ಸಲ ಯಂತ್ರ ಜಾರಿತು. ಬೀಟ್ ಗಡ್ಡೆಯ ಸಂಬಂಧಿಕ ವೈರಸ್ಸಿನ ಗಂಟಿನಲ್ಲಿ ಅದು ಸುಮಾರು 6 ಸಲ. ಆಮೇಲೆ ಅವರು ಕಬ್ಬಿನ ವೈರಸ್ಸಿನ ಗಂಟಿನಲ್ಲಿ 27ನೆಯ ಸ್ಥಾನದ ಸಿ ಅಕ್ಷರವನ್ನು ತೆಗೆದು ಎ ಅಕ್ಷರ ಇಟ್ಟರು. ಒಂದೇ ಅಕ್ಷರ. ಗಂಟು ಸಡಿಲಾಯಿತು, ಜಾರುವುದು ನೂರಕ್ಕೆ 15ರಿಂದ 2ಕ್ಕೆ ಇಳಿಯಿತು. ವಾಡೆಯ ತುದಿಯನ್ನು ಸಿಕ್ಕಿಸುವ ಕಡೆ ಒಂದು ಎಳೆ ತಪ್ಪಿದರೆ ಮೋಳಿ ಬಿಚ್ಚುವುದಿಲ್ಲವೇ, ಹಾಗೆ.

ಮಡಿಕೆಯ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಈ ವೈರಸ್ಸಿನ ಕವಚದ ಪ್ರೋಟೀನಿನ ಕೊನೆಗೆ "ನಿಲ್ಲು" ಎಂಬ ಗುರುತಿದೆ. ಯಂತ್ರ ಬಹಳ ಸಲ ಅಲ್ಲಿ ನಿಲ್ಲುತ್ತದೆ, ಆಗೊಮ್ಮೆ ಈಗೊಮ್ಮೆ ನಿಲ್ಲದೆ ಮುಂದುವರಿಯುತ್ತದೆ. ಹಾಗೆ ಮುಂದುವರಿದಾಗ ಹುಟ್ಟುವ ಉದ್ದನೆಯ ಕವಚವೇ ವೈರಸ್ಸನ್ನು ಸಸ್ಯಹೇನಿನ ಮೂಲಕ ದಾಟಿಸಲು ಬೇಕಾದದ್ದು. ಇದೇ ಕುಲದ ಆಲೂಗಡ್ಡೆಯ ಎಲೆಸುರುಳಿ ವೈರಸ್ಸಿನಲ್ಲಿ, ನಿಲ್ಲುವ ಗುರುತಿನಿಂದ ಸುಮಾರು 700 ಅಕ್ಷರಗಳಷ್ಟು ದೂರದಲ್ಲಿರುವ ಒಂದು ಕುಣಿಕೆ ಇಲ್ಲದಿದ್ದರೆ ಈ ದಾಟುವಿಕೆ ಆಗುವುದೇ ಇಲ್ಲ ಎಂದು 2018ರಲ್ಲಿ ತೋರಿಸಲಾಯಿತು. ದೂರದ ಮಡಿಕೆಯೊಂದು ಇಲ್ಲಿಯ ಕೆಲಸವನ್ನು ನಡೆಸುತ್ತದೆ.

ಹಾಗಾದರೆ ಔಷಧಿ ಏಕಿಲ್ಲ

ಈಗ ನಿಮಗೆ ತಿಳಿದಿರಬೇಕು. ಓದುವ ಯಂತ್ರ ಕಬ್ಬಿನದು. ಅದನ್ನು ನಿಲ್ಲಿಸುವ ಔಷಧಿ ಹೊಡೆದರೆ ವೈರಸ್ಸಿಗಿಂತ ಮೊದಲು ಕಬ್ಬೇ ಸಾಯುತ್ತದೆ. ವೈರಸ್ಸಿನ ಸ್ವಂತದ್ದು ಎನ್ನಲು ಇರುವುದು ಚೀಟಿ ಮತ್ತು ಅದರ ಮಡಿಕೆ. ಆ 28 ಅಕ್ಷರಗಳ ಗಂಟನ್ನು ಮಾತ್ರ ಹುಡುಕಿ ಬಿಚ್ಚುವ ವಸ್ತು ಇಂದು ಯಾವ ಕೃಷಿ ಸೇವಾ ಕೇಂದ್ರದಲ್ಲಿಯೂ ಸಿಗುವುದಿಲ್ಲ. ಕೊರೊನಾ ವೈರಸ್ಸಿನ ಜಾರುವಿಕೆಯನ್ನು ತಗ್ಗಿಸುವ ಒಂದು ರಾಸಾಯನಿಕವನ್ನು 2021ರಲ್ಲಿ ಪ್ರಯೋಗಶಾಲೆಯಲ್ಲಿ ಗುರುತಿಸಲಾಯಿತು. ದಾರಿ ಇದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಪ್ರಯೋಗಶಾಲೆಯ ನಳಿಕೆಯಿಂದ ನಮ್ಮ ಸಿಂಪಡಣೆ ಪಂಪಿನವರೆಗೆ ಬಹಳ ದೂರವಿದೆ. ಆದ್ದರಿಂದ "ಹಳದಿ ರೋಗಕ್ಕೆ ರಾಮಬಾಣ" ಎಂದು ಯಾರಾದರೂ ಬಾಟಲಿ ತಂದರೆ ದಯಮಾಡಿ ಹಣ ಕೊಡಬೇಡಿರಿ. ಕೀಟನಾಶಕದಿಂದ ಹೇನು ಸಾಯಬಹುದು. ಕಬ್ಬಿನ ನಾಳದೊಳಗೆ ಕುಳಿತ ಚೀಟಿ ಸಾಯುವುದಿಲ್ಲ. ಅನ್ನಭೇದಿ ಮತ್ತು ಜಿಂಕ್ ಕೊರತೆಗೆ ಮದ್ದೇ ಹೊರತು ಈ ರೋಗಕ್ಕಲ್ಲ.

ಉಳಿದಿರುವ ದಾರಿ ಒಂದೇ: ಚೀಟಿಯನ್ನು ನಮ್ಮ ಹೊಲದೊಳಗೆ ಬಿಡದಿರುವುದು. ಅದು ಬರುವ ಬಾಗಿಲು ಎರಡು. ದೊಡ್ಡ ಬಾಗಿಲು ಬೀಜದ ಕಬ್ಬು. ರೋಗದ ಕಬ್ಬಿನಿಂದ ತೆಗೆದ ತುಂಡಿನಲ್ಲಿ ನಾಳವಿದೆ, ನಾಳದಲ್ಲಿ ವೈರಸ್ಸಿದೆ. ಕಣ್ಣು ಚಿಗುರಿದಾಗ ಅದೂ ಚಿಗುರಿನೊಡನೆ ಏಳುತ್ತದೆ. ಸಣ್ಣ ಬಾಗಿಲು ಸಸ್ಯಹೇನು, ನಾವು ಮಾವಾ ಎನ್ನುವುದು. ರೋಗದ ಕಬ್ಬಿನ ರಸ ಹೀರಿದ ಹೇನು ಬಹುಕಾಲ ವೈರಸ್ಸನ್ನು ಹೊತ್ತು ತಿರುಗಿ ಪಕ್ಕದ ಕಬ್ಬಿಗೆ ದಾಟಿಸುತ್ತದೆ.

ಬಿಸಿ ಗಾಳಿಯ ಉಪಚಾರ ಮಾಡಿಸಿದರೆ ಸಾಲದೇ ಎಂದು ಕೆಲವರು ಕೇಳಿದ್ದೀರಿ. ಹುಲ್ಲು ಕುಡಿ ರೋಗದಂಥವುಗಳಿಗೆ ಅದು ಉಪಯುಕ್ತ, ಅದನ್ನು ಬಿಡಬೇಡಿರಿ. ಆದರೆ ಹಳದಿ ಎಲೆ ವೈರಸ್ಸು ಆ ಬಿಸಿಗೆ ಬಗ್ಗುವುದಿಲ್ಲ. ಅದನ್ನು ತೊಲಗಿಸುವುದು ಅಂಗಾಂಶ ಕೃಷಿ ಮಾತ್ರ. ಕಬ್ಬಿನ ಬೆಳೆಯುವ ತುದಿಯಲ್ಲಿ ಅರ್ಧ ಮಿಲಿಮೀಟರಿನಷ್ಟು ಭಾಗಕ್ಕೆ ಇನ್ನೂ ನಾಳ ಹುಟ್ಟಿರುವುದಿಲ್ಲ. ನಾಳವಿಲ್ಲದ ಕಡೆ ಈ ವೈರಸ್ಸು ಮುಟ್ಟುವುದು ಕಷ್ಟ. ಆ ತುದಿಯನ್ನಷ್ಟೇ ಕತ್ತರಿಸಿ, ಬಾಟಲಿಯಲ್ಲಿ ಬೆಳೆಸಿ, ವೈರಸ್ಸಿಲ್ಲವೆಂದು ಪರೀಕ್ಷಿಸಿ ಸಸಿ ಮಾಡುತ್ತಾರೆ. ಪುಣೆಯ ಬಳಿ ಮಾಂಜರಿಯಲ್ಲಿರುವ ವಸಂತದಾದಾ ಸಕ್ಕರೆ ಸಂಸ್ಥೆಯಲ್ಲಿ ಅಂಗಾಂಶ ಕೃಷಿಯ ಸಸಿಗಳು ತಯಾರಾಗುತ್ತವೆ. ಹಳೆಯ ತಳಿ ಸೊರಗಿದೆ, ತಳಿಯೇ ಕೆಟ್ಟಿತು ಎನ್ನುತ್ತೇವಲ್ಲ, ಎಷ್ಟೋ ಸಲ ಕೆಟ್ಟಿರುವುದು ತಳಿಯಲ್ಲ, ಬೀಜ.

ನಾವು ಮಾಡಬೇಕಾದದ್ದು

ಮೊದಲನೆಯದಾಗಿ, ಬೀಜಕ್ಕೆಂದು ಬೇರೆ ಪ್ಲಾಟು ಇಡಿರಿ. ಅಂಗಾಂಶ ಕೃಷಿಯ ಸಸಿಯಿಂದ ಮೂಲ ಬೀಜ, ಮೂಲ ಬೀಜದಿಂದ ಪ್ರಮಾಣಿತ ಬೀಜ, ಅದರಿಂದ ನಿಮ್ಮ ಹೊಲ. ಈ ಮೆಟ್ಟಿಲು ತಪ್ಪಿಸಬೇಡಿರಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಬೀಜ ಬದಲಿಸಿರಿ.

ಎರಡನೆಯದಾಗಿ, ಕುಳೆ ಕಬ್ಬಿನಿಂದ ಎಂದಿಗೂ ಬೀಜ ತೆಗೆಯಬೇಡಿರಿ. ಬೀಗರ ಹೊಲದಿಂದ ಪುಕ್ಕಟೆ ಸಿಕ್ಕಿತೆಂದು ನೋಡದೆ ತರಬೇಡಿರಿ. ಆ ಪುಕ್ಕಟೆ ಬೀಜದ ಬೆಲೆಯನ್ನು ಕುಳೆಯಲ್ಲಿ ತೂಕ ಇಳಿದಾಗ ಕೊಡಬೇಕಾಗುತ್ತದೆ.

ಮೂರನೆಯದಾಗಿ, ಬೀಜದ ಪ್ಲಾಟನ್ನು ಎಳೆಯದಿರುವಾಗ ನೋಡಿ ನಂಬಬೇಡಿರಿ. ಐದಾರು ತಿಂಗಳವರೆಗೆ ರೋಗ ಮುಖ ತೋರಿಸುವುದಿಲ್ಲ. ಎಂಟನೆಯ ತಿಂಗಳಲ್ಲಿ ಒಮ್ಮೆ, ಬೀಜ ಕಡಿಯುವ ಮೊದಲು ಒಮ್ಮೆ, ಮೂರರಿಂದ ಆರನೆಯ ಎಲೆಯವರೆಗೆ ತಿರುವಿ ನೋಡಿರಿ. ಹಳದಿ ನಡುನರದ ಗಡ್ಡೆಗಳು ಕಂಡರೆ ಆ ಪ್ಲಾಟು ಗಿರಣಿಗೆ ಹೋಗಲಿ, ಬೀಜಕ್ಕೆ ಬೇಡ. ಕಬ್ಬು ಅರೆಯಲು ಏನೂ ಅಡ್ಡಿಯಿಲ್ಲ. ಆದ್ದರಿಂದ ತಿರಸ್ಕರಿಸಿದ ಪ್ಲಾಟಿನ ಮಾಲೀಕರಿಗೆ ಬೆಳೆ ಹೋಯಿತೆಂಬ ಚಿಂತೆ ಬೇಡ.

ನಾಲ್ಕನೆಯದಾಗಿ, ಬೀಜದ ಪ್ಲಾಟಿನಲ್ಲಿ ಒಣ ರವದಿ ತೆಗೆದು ಗಾಳಿಯಾಡಲು ಬಿಡಿರಿ, ಎಲೆಯ ಕೆಳಗೆ ಮಾವಾ ಕಂಡ ಕೂಡಲೇ ನಮ್ಮ ಗಟ್ ಆಫೀಸಿಗೆ ತಿಳಿಸಿರಿ. ಹೊರನೋಟಕ್ಕೆ ಹಸಿರಾಗಿರುವ ಕಬ್ಬಿನಲ್ಲಿಯೂ ವೈರಸ್ ಇರಬಹುದು. ಮೂಲ ಬೀಜದ ಎಲೆಗಳನ್ನು ಪ್ರಯೋಗಶಾಲೆಗೆ ಕಳಿಸಿ ಪರೀಕ್ಷಿಸುವುದು ಅದಕ್ಕಾಗಿಯೇ.

ಬಂಧುಗಳೇ, ಇಪ್ಪತ್ತು ವರ್ಷ ಕಬ್ಬಿನ ಹೊಲದಲ್ಲಿ ತಿರುಗಿದವನು ನಾನು. ದೊಡ್ಡ ನಷ್ಟಕ್ಕೆ ದೊಡ್ಡ ಕಾರಣವೇ ಇರಬೇಕು, ಬರ, ಹುಳ, ನೀರು, ಎಂದು ತಿಳಿದಿದ್ದೆ. ಕಣ್ಣಿಗೆ ಕಾಣದ ದಾರದ ಒಂದು ಸಿಕ್ಕುಗಂಟು, ಅದರಲ್ಲಿ ಒಂದು ಅಕ್ಷರ, ಇಷ್ಟರ ಮೇಲೆ ಒಂದು ರೋಗದ ಬಲ ನಿಂತಿರುತ್ತದೆ ಎಂದು ತಿಳಿದಾಗ ನನಗೆ ನಾಚಿಕೆಯೂ ಆಯಿತು, ಧೈರ್ಯವೂ ಬಂತು. ನಾಚಿಕೆ ಏಕೆಂದರೆ ನಾನು ಎಲೆಯನ್ನು ಸರಿಯಾಗಿ ತಿರುವಿ ನೋಡಿರಲಿಲ್ಲ. ಧೈರ್ಯ ಏಕೆಂದರೆ ಆ ಗಂಟನ್ನು ಬಿಚ್ಚುವುದು ನಮ್ಮಿಂದ ಆಗದಿದ್ದರೂ ಅದು ನಮ್ಮ ಹೊಲಕ್ಕೆ ಬಾರದಂತೆ ತಡೆಯುವುದು ನಮ್ಮ ಕೈಯಲ್ಲೇ ಇದೆ.

ಮುಂದಿನ ಸುರು ಹಂಗಾಮಿಗೆ ಬೀಜದ ಪ್ಲಾಟು ನೋಡಲು ನಾನು ನಿಮ್ಮ ಊರಿಗೆ ಬಂದಾಗ ದಯವಿಟ್ಟು ನನ್ನ ಜೊತೆ ಸಾಲಿನೊಳಗೆ ಬನ್ನಿರಿ. ಬದುವಿನ ಮೇಲೆ ನಿಂತು ಚಹಾ ಕುಡಿದು ಸಹಿ ಹಾಕುವುದನ್ನು ನಾನು ಬಿಟ್ಟಿದ್ದೇನೆ. ನೀವು ಎಲೆ ತಿರುವಿ ತೋರಿಸಿರಿ, ನಾನೂ ತಿರುವಿ ನೋಡುತ್ತೇನೆ. ಇಬ್ಬರ ಕಣ್ಣಿಗೂ ಒಪ್ಪಿಗೆಯಾದ ಪ್ಲಾಟಿಗೆ ಮಾತ್ರ ಸಹಿ ಬೀಳಲಿ.

ನಾಲ್ಕು ವರ್ಷದ ಹಿಂದಿನ ಆ ಮೂವರು ಸಭಾಸದರಿಗೆ ಈ ಹಂಗಾಮಿನಲ್ಲಿ ಮೂಲ ಬೀಜದಲ್ಲಿ ಮೊದಲ ಪಾಲು ಕೊಡಬೇಕೆಂದು ಸಂಚಾಲಕ ಮಂಡಳಿಗೆ ಲಿಖಿತ ವಿನಂತಿ ಮಾಡಿದ್ದೇನೆ. ಮಾನ್ಯ ಅಧ್ಯಕ್ಷರು ಅದನ್ನು ಒಪ್ಪಿದ್ದಾರೆ.